ಎದೆಬಡಿತದ ಚಿಕಿತ್ಸೆಯ ನಂತರ ಮನೆಯಲ್ಲಿ

(ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದರೆ ಮಕ್ಕಳ ನಡುವಿನ ಅಂತರ, ಲಸಿಕೆ, ಶಸ್ತ್ರಚಿಕಿತ್ಸೆ ಇವುಗಳ ಮಾತೇ ಇರುತ್ತದೆಂದು ತಾವು ಎಣಿಸಿ ಬಂದಿರಬಹುದು. ಆ ಮಾತೂ ಬರುತ್ತದೆ. ಆದರೆ ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಹೃದಯದ ಬಡಿತ ಕೆಟ್ಟು, ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದವರ ವಿಷಯವನ್ನು. ಆ ಚಿಕಿತ್ಸೆ ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಚೇತರಿಕೆಯಾದರೋ ಮನೆಯಲ್ಲಿ ವಾರಗಟ್ಟಲೆ ನಡೆಯತಕ್ಕದ್ದು. ಅಲ್ಲಿ ವೈದ್ಯರೂ ಇಲ್ಲ, ದಾದಿಯರೂ ಇಲ್ಲ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ.

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬಂದುದನ್ನು ತಾವು ಮರೆತಿರಲಾರಿರಿ. ಆಗ ಭಯದಿಂದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಆ ಜುಲೈ ತಿಂಗಳಲ್ಲಿ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯ ವರದಿ ಹೊರಬಂದಿತು. ಕೋವಿಡ್ ಲಸಿಕೆಗೂ ಹಠಾತ್ ಹೃದಯ ಮರಣಗಳಿಗೂ ಸಂಬಂಧ ಕಂಡುಬಂದಿಲ್ಲವೆಂದು ಅದು ಹೇಳಿತು. ಜಿಲ್ಲೆಯ ಸಾವುಗಳಲ್ಲಿ ಅಸಾಮಾನ್ಯ ಏರಿಕೆ ಇಲ್ಲವೆಂದು ಆರೋಗ್ಯ ಇಲಾಖೆಯೂ ತಿಳಿಸಿತು. ಆದರೂ ಭಯ ಪೂರ್ತಿ ಹೋಗಿಲ್ಲ. ಎದೆ ಒಮ್ಮೆ ಢವಗುಟ್ಟಿದರೆ ಸಾಕು, ಹೃದಯಾಘಾತವೇ ಆಯಿತೆಂದು ಮನೆಯವರೆಲ್ಲ ಎದ್ದು ಕೂರುತ್ತಾರೆ.

ತೋಟದ ಪಂಪ್‌ಸೆಟ್ ಎಲ್ಲರಿಗೂ ಗೊತ್ತು. ಪೈಪಿನಲ್ಲಿ ಕಸ ಕಟ್ಟಿಕೊಂಡು ನೀರು ನಿಲ್ಲುವುದು ಒಂದು ಬಗೆ. ಸ್ಟಾರ್ಟರ್ ಕೆಟ್ಟು ಮೋಟಾರು ತಾಳತಪ್ಪಿ ಓಡುವುದು ಇನ್ನೊಂದು ಬಗೆ. ಹೃದಯಾಘಾತವೆಂಬುದು ಮೊದಲನೆಯದು, ರಕ್ತನಾಳ ಕಟ್ಟಿಕೊಳ್ಳುವುದು. ಎದೆಬಡಿತದ ಕಾಯಿಲೆ ಎರಡನೆಯದು. ಹೃದಯದ ಬಲ ಮೇಲುಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪು ವಿದ್ಯುತ್ತಿನ ಸಂಜ್ಞೆಯನ್ನು ಹುಟ್ಟಿಸುತ್ತದೆ; ಅದು ನಡುವಿನ ಒಂದು ದಾರಿಯಿಂದ ಕೆಳಕೋಣೆಗಳಿಗೆ ಇಳಿಯುತ್ತದೆ. ಸುಮ್ಮನೆ ಕುಳಿತ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ. ಸಂಜ್ಞೆ ಇಳಿಯುವ ದಾರಿ ಮುಚ್ಚಿದರೆ ಬಡಿತ 30-40ಕ್ಕೆ ಇಳಿದು ಮನುಷ್ಯ ತಲೆಸುತ್ತಿ ಬೀಳುತ್ತಾನೆ. ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿಯಿದ್ದರೆ ಸಂಜ್ಞೆ ಗಾಣದ ಎತ್ತಿನಂತೆ ಸುತ್ತತೊಡಗಿ, ಬಡಿತ ಇದ್ದಕ್ಕಿದ್ದಂತೆ 150, 180, ಕೆಲವೊಮ್ಮೆ 200ಕ್ಕೂ ಏರುತ್ತದೆ. ಬಂದಂತೆಯೇ ಥಟ್ಟನೆ ನಿಲ್ಲುತ್ತದೆ.

ಈ ಎರಡನೆಯ ಬಗೆಯ ವೇಗದ ಬಡಿತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಿಂದಿಗೆ ಎತ್ತಲು ಬಗ್ಗಿದಾಗಲೋ, ಏನೂ ಮಾಡದೆ ಕುಳಿತಾಗಲೋ ಶುರುವಾಗಬಹುದು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತುಹೋಗಿರುತ್ತದೆ. ಇಸಿಜಿ ತೆಗೆದರೆ ಸರಿಯಾಗಿಯೇ ಕಾಣುತ್ತದೆ. ಆಗ ಮನೆಯವರು ಏನೆನ್ನುತ್ತಾರೆಂಬುದನ್ನು ತಾವೇ ಬಲ್ಲಿರಿ: ಗಾಳಿ ಸೋಕಿದೆ, ಕೆಲಸ ತಪ್ಪಿಸಿಕೊಳ್ಳುವ ನಾಟಕ, ತವರಿಗೆ ಕಳುಹಿಸಿಬಿಡಿ. ಹೀಗೆ ವರ್ಷಗಳನ್ನು ಕಳೆದ ಸೊಸೆಯಂದಿರು ನಮ್ಮ ಸುತ್ತಮುತ್ತ ಇದ್ದಾರೆ. ಗಂಡನಾದವನು ಆ ಕ್ಷಣದಲ್ಲಿ ಹೆಂಡತಿಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ನಾಡಿಯನ್ನು ಎಣಿಸಿ ಬರೆದಿಟ್ಟುಕೊಂಡರೆ, ನಮ್ಮಂಥ ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಡಿತ ಏರಿರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಸಿಕ್ಕಿತೆಂದರೆ ರೋಗ ಕೈಗೆ ಸಿಕ್ಕಂತೆಯೇ.

ಚಿಕಿತ್ಸೆಯೂ ಎರಡು ಬಗೆ. ಬಡಿತ ನಿಧಾನವಾದವರಿಗೆ ಕತ್ತಿನ ಎಲುಬಿನ ಕೆಳಗೆ ಚರ್ಮದಡಿ ಪೇಸ್‌ಮೇಕರ್ ಎಂಬ ಸಣ್ಣ ಯಂತ್ರವನ್ನು ಕೂರಿಸಿ, ಅದರ ತಂತಿಯನ್ನು ಹೃದಯಕ್ಕೆ ಇಳಿಸುತ್ತಾರೆ. ವೇಗದ ಬಡಿತದವರಿಗೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯಕ್ಕೆ ಕೊಂಡೊಯ್ದು, ಆ ಹೆಚ್ಚಿನ ದಾರಿಯನ್ನು ಹುಡುಕಿ ಬಿಸಿಯಿಂದ ಸುಡುತ್ತಾರೆ. ಇದಕ್ಕೆ ಅಬ್ಲೇಶನ್ ಎಂದು ಹೆಸರು. ಎದೆಯನ್ನು ಕೊಯ್ಯುವುದಿಲ್ಲ. ಸಾಮಾನ್ಯ ಬಗೆಯ ವೇಗದ ಬಡಿತದಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಇದರಿಂದ ಪೂರ್ತಿ ಗುಣವಾಗುತ್ತದೆ. ನೂರಕ್ಕೆ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ, ಸಹಜವಾದ ದಾರಿಗೂ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗುವುದುಂಟು. ಇದನ್ನು ಮುಚ್ಚಿಡಬಾರದು, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಗಂಡಹೆಂಡಿರಿಬ್ಬರೂ ಕೂಡಿ ಕೇಳಿ ತಿಳಿಯಬೇಕಾದ ಮಾತು.

ಪೇಸ್‌ಮೇಕರಿನ ಕಥೆಯೇ ಒಬ್ಬ ಹೆಂಡತಿಯಿಂದ ಶುರುವಾದದ್ದು. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದವರು ದಿನಕ್ಕೆ ಹಲವು ಬಾರಿ ಎಚ್ಚರತಪ್ಪಿ ಬೀಳುತ್ತಿದ್ದರು. ಅವರ ಪತ್ನಿ ಎಲ್ಸ್ ಮರಿ, ಶಸ್ತ್ರವೈದ್ಯ ಸೆನ್ನಿಂಗ್ ಅವರನ್ನೂ ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಅವರನ್ನೂ ಬಿಡದೆ ಕಾಡಿದರು. ಶರೀರದೊಳಗೆ ಇಡುವಂಥ ಯಂತ್ರ ಇನ್ನೂ ಸಿದ್ಧವಿಲ್ಲ ಎಂದರೂ ಆಕೆ ಕೇಳಲಿಲ್ಲ. ಬೂಟು ಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಬಳಸಿ ಎರಕ ಹೊಯ್ದ ಯಂತ್ರವನ್ನು 1958ರ ಅಕ್ಟೋಬರ್ 8ರಂದು ಕೂರಿಸಿದರು. ಅದು ಕೆಲವೇ ಗಂಟೆ ನಡೆದು ನಿಂತಿತು, ಇನ್ನೊಂದನ್ನು ಕೂರಿಸಿದರು. ಮುಂದೆ ಬಾಳಿನುದ್ದಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು ಲಾರ್ಸನ್ನರು 2001ರವರೆಗೆ, 86 ವರ್ಷ ಬಾಳಿದರು. ಯಂತ್ರ ಮಾಡಿದವರೂ ಕೂರಿಸಿದವರೂ ಅವರಿಗಿಂತ ಮೊದಲೇ ತೀರಿಕೊಂಡರು. ಇಂದಿನ ಯಂತ್ರದ ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ.

ಇನ್ನು ಮನೆಗೆ ಬಂದ ಮೇಲಿನ ಮಾತು. ಅಬ್ಲೇಶನ್ ಆದವರು ಮೊದಲ ವಾರ ಹಾಲಿನ ಕ್ಯಾನು, ಹುಲ್ಲಿನ ಹೊರೆ, ತೆಂಗಿನಕಾಯಿ ಚೀಲ, ನೀರು ತುಂಬಿದ ಕೊಡ ಯಾವುದನ್ನೂ ಎತ್ತಬಾರದು. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂರಬಾರದು. ಮಲಬದ್ಧತೆಯಾಗದಂತೆ ಸೊಪ್ಪು, ನೀರು ಹೆಚ್ಚಾಗಿರಲಿ. ನಡೆದಾಡಲು ಅಡ್ಡಿಯಿಲ್ಲ. ತೊಡೆಸಂದಿಯಲ್ಲಿ ಸ್ವಲ್ಪ ನೀಲಿಗಟ್ಟುವುದು ಸಹಜ. ಆದರೆ ರಕ್ತ ಸುರಿದರೆ, ಇಲ್ಲವೇ ಗಂಟು ಬೆಳೆಯುತ್ತ ಹೋದರೆ, ಮಲಗಿಸಿ ಅಂಗೈಯಿಂದ ಬಲವಾಗಿ ಒತ್ತಿಹಿಡಿದು 108ಕ್ಕೆ ಕರೆ ಮಾಡಬೇಕು. ಒತ್ತಿದ ಕೈಯನ್ನು ನಿಮಿಷಕ್ಕೊಮ್ಮೆ ತೆಗೆದು ನೋಡುವುದು ಬೇಡ.

ಪೇಸ್‌ಮೇಕರ್ ಕೂರಿಸಿಕೊಂಡವರು ಆ ಬದಿಯ ಕೈಯನ್ನು ನಾಲ್ಕರಿಂದ ಆರು ವಾರ ಹೆಗಲಿಗಿಂತ ಮೇಲೆತ್ತಬಾರದು. ಗಂಡಸರಿಗೆ ಅಂಗಿ ತೊಡಿಸಲು, ಹೆಂಗಸರಿಗೆ ತಲೆ ಬಾಚಲು ಮತ್ತೊಬ್ಬರು ಬೇಕು. ಗಾಯದ ಜಾಗ ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಬಂದರೆ, ಅರಿಶಿನ ಮೆತ್ತದೆ ಆಸ್ಪತ್ರೆಗೆ ಬರಬೇಕು. ಮಿಕ್ಸಿ, ಟಿ.ವಿ., ಕೆಟ್ಟುಹೋಗಿರದ ಪಂಪ್‌ಸೆಟ್ ಇವುಗಳಿಂದ ತೊಂದರೆಯಿಲ್ಲ. ಮೊಬೈಲನ್ನು ಅಂಗಿಯ ಎದೆಜೇಬಿನಲ್ಲಿಡದೆ, ಆಚೆ ಬದಿಯ ಕಿವಿಗೆ ಹಿಡಿಯತಕ್ಕದ್ದು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿರಬೇಕು. ವೆಲ್ಡಿಂಗ್ ಕೆಲಸವನ್ನೂ ಹೊಲಕ್ಕೆ ಹಾಕಿದ ವಿದ್ಯುತ್ ಬೇಲಿಯನ್ನೂ ಬಿಟ್ಟೇಬಿಡಬೇಕು. ಯಂತ್ರದ ಗುರುತಿನ ಚೀಟಿ ಸದಾ ಜೊತೆಯಲ್ಲಿರಲಿ. ಸ್ಕೂಟರ್, ಬೈಕ್ ಓಡಿಸುವುದು ವೈದ್ಯರು ಹೇಳಿದ ದಿನದಿಂದ. ಸಾಮಾನ್ಯವಾಗಿ ಒಂದು ವಾರವಾದರೂ ಬೇಡ.

ಇದೆಲ್ಲ ಬಿಡುಗಡೆಯ ಚೀಟಿಯಲ್ಲಿ ಬರೆದಿರುತ್ತದೆ. ಬರೆದಿರದ ಒಂದು ಸಂಗತಿಯೆಂದರೆ ಅಂಜಿಕೆ. ಅಬ್ಲೇಶನ್ ಆದ ಮೇಲೆ ಕೆಲವು ವಾರ ಎದೆ ಆಗಾಗ ಒಂದು ಬಡಿತ ತಪ್ಪಿದಂತೆ, ಹಾರಿದಂತೆ ಆಗುವುದುಂಟು. ಸುಟ್ಟ ಜಾಗ ಮಾಯುವಾಗ ಹೀಗಾಗುತ್ತದೆ. ಎರಡು ಮೂರು ಬಡಿತದಲ್ಲಿ ನಿಲ್ಲುತ್ತದೆ. ಆದರೆ ವರ್ಷಗಟ್ಟಲೆ ಆ ರೋಗದಿಂದ ನರಳಿದವರಿಗೆ ಅದು ರೋಗವೇ ಮರಳಿ ಬಂದಂತೆ ತೋರುತ್ತದೆ. ರಾತ್ರಿ ನಿದ್ದೆಯಿಲ್ಲ, ಕೈ ಸದಾ ನಾಡಿಯ ಮೇಲೆ. ನಾನು ಹತ್ತು ಸಲ ‘ಏನೂ ಇಲ್ಲಮ್ಮ’ ಎಂದರೂ ಅವರ ಮುಖ ತಿಳಿಯಾಗುವುದಿಲ್ಲ. ಅದೇ ಚಿಕಿತ್ಸೆ ಆಗಿ ಎರಡು ವರ್ಷ ಕಳೆದ ಇನ್ನೊಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕುಳಿತು, ‘ನಂಗೂ ಹಂಗೇ ಆಗ್ತಿತ್ತು ಕಣಕ್ಕ, ಎರಡು ತಿಂಗ್ಳಿಗೆ ತಾನಾಗೇ ಹೋಯ್ತು, ಈಗ ನಾಟಿಗೂ ಹೋಗ್ತೀನಿ’ ಎಂದರೆ ಉಸಿರು ಸಲೀಸಾಗುತ್ತದೆ. ಓದಿ ಹೇಳುವವನ ಮಾತಿಗೂ ಉಂಡು ಹೇಳುವವಳ ಮಾತಿಗೂ ಇರುವ ವ್ಯತ್ಯಾಸವಿದು.

ಈ ಬಗೆಯ ನೆರವು ಈಗ ಮೈಸೂರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ, ಹಿಂದಿರುಗುವ ರೈಲಿನಲ್ಲಿ ತಾನಾಗಿಯೇ ನಡೆಯುತ್ತದೆ. ಹೊಳೆನರಸೀಪುರದಲ್ಲಿ ಇಳಿದ ಮೇಲೆ ಅವರವರ ದಾರಿ ಅವರವರಿಗೆ. ಅದು ಊರಿನಲ್ಲೂ ಮುಂದುವರಿಯಬೇಕೆಂದು ನನ್ನ ಬಯಕೆ. ರಕ್ತದೊತ್ತಡ, ಸಕ್ಕರೆ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಬರುವ ದಿನವೇ ಇಂಥವರು ಅರ್ಧ ಗಂಟೆ ಕೂಡಿ ಕೂರಬಹುದು. ಸ್ತ್ರೀಶಕ್ತಿ ಸಂಘದವರು ಮನಸ್ಸು ಮಾಡಿದರೆ ಇನ್ನೂ ಸುಲಭ. ಆದರೆ ಎರಡು ಎಚ್ಚರ. ಒಬ್ಬರ ಕಾಯಿಲೆಯ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸತಕ್ಕದ್ದಲ್ಲ. ಮದುವೆಗೆ ಬಂದ ಮಗಳಿರುವ ಮನೆಯವರಿಗೆ ಈ ಮಾತಿನ ತೂಕ ಗೊತ್ತು. ನಾನಾಗಲಿ ಆಶಾ ಕಾರ್ಯಕರ್ತೆಯಾಗಲಿ ಇಬ್ಬರನ್ನೂ ಕೇಳಿಯೇ ಪರಿಚಯ ಮಾಡಿಸುತ್ತೇವೆ. ಇನ್ನೊಂದು, ಅನುಭವವನ್ನು ಹಂಚಿಕೊಳ್ಳಿರಿ, ಮಾತ್ರೆಯನ್ನು ಹಂಚಿಕೊಳ್ಳಬೇಡಿರಿ. ಒಬ್ಬರ ಬಡಿತವನ್ನು ತಗ್ಗಿಸುವ ಮಾತ್ರೆ ಉಬ್ಬಸವಿರುವ ಇನ್ನೊಬ್ಬರ ಉಸಿರನ್ನೇ ಕಟ್ಟಿಸಬಹುದು. ನಾಡಿ ಮೊದಲೇ ನಿಧಾನವಿದ್ದವರನ್ನು ಬೀಳಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆಯಂತೂ ಪರೀಕ್ಷೆಯಿಲ್ಲದೆ ಮುಟ್ಟುವ ವಸ್ತುವಲ್ಲ.

ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ. ಇದು ದಂಪತಿಗಳ ಸಭೆಯಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಯಂತ್ರವಿರುವವರೊಡನೆ ಕೂಡಿದರೆ ಸಂಗಾತಿಗೆ ವಿದ್ಯುತ್ ತಾಗುವುದೆಂಬ ಮಾತು ಸುಳ್ಳು. ಸಾಮಾನ್ಯ ಪೇಸ್‌ಮೇಕರಿನ ವಿದ್ಯುತ್ತು ಹೊರಗಿನವರಿಗೆ ತಿಳಿಯುವಷ್ಟೂ ಇಲ್ಲ. ಅಬ್ಲೇಶನ್ ಆದವರು ತೊಡೆಸಂದಿಯ ಗಾಯ ಮಾಯ್ದ ಮೇಲೆ, ಅಂದರೆ ಸುಮಾರು ಒಂದು ವಾರ ಹತ್ತು ದಿನದ ನಂತರ, ಯಂತ್ರವಿರುವವರು ಎದೆಯ ಗಾಯದ ಮೇಲೆ ಒತ್ತಡ ಬೀಳದಂತೆ, ದಾಂಪತ್ಯ ಜೀವನವನ್ನು ಮುಂದುವರಿಸಬಹುದು. ಸಾಧಾರಣವಾಗಿ ಎರಡು ಅಂತಸ್ತಿನ ಮೆಟ್ಟಿಲನ್ನು ತಡೆಯಿಲ್ಲದೆ ಹತ್ತುವವರಿಗೆ ಹೃದಯದ ಕಡೆಯಿಂದ ಅಭ್ಯಂತರವಿರುವುದಿಲ್ಲ.

ಗರ್ಭಧಾರಣೆಯ ವಿಷಯ ಹೆಚ್ಚು ಗಂಭೀರ. ವೇಗದ ಬಡಿತ ಗರ್ಭಿಣಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ಅಬ್ಲೇಶನ್ನಿಗೆ ಕ್ಷಕಿರಣದ ಬಳಕೆಯಿರುವುದರಿಂದ ಅದು ಬಸುರಿಗೆ ಮೊದಲೇ ಆಗಿಬಿಡುವುದು ಉತ್ತಮ. ಬಾಲ್ಯದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು, ಅದರಿಂದ ಬಡಿತ ತಪ್ಪಿದವರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಥವರು ನುಂಗುವ ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳು ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಅಂಗದೋಷ ತರಬಲ್ಲವು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮುಟ್ಟು ತಪ್ಪಿದ ಮೇಲೆ ಬರುವುದಲ್ಲ, ಮಗು ಬೇಕೆಂದು ನಿಶ್ಚಯಿಸುವ ಮೊದಲೇ ಬರಬೇಕು. ಅಲ್ಲಿಯವರೆಗೆ ತಡೆಯುವ ಸಾಧನ ಬೇಕು. ರಕ್ತ ಹೆಪ್ಪುಗಟ್ಟುವ ಅಪಾಯವಿರುವವರಿಗೆ ಸಾಮಾನ್ಯ ನುಂಗುವ ಗುಳಿಗೆ ಹೊಂದುವುದಿಲ್ಲ; ನಿರೋಧ್, ಕಾಪರ್-ಟಿ ಇವುಗಳಲ್ಲಿ ಯಾವುದು ಯೋಗ್ಯವೆಂದು ವೈದ್ಯರು ಹೇಳುತ್ತಾರೆ.

ಮಕ್ಕಳು ಸಾಕೆನಿಸಿದ ಮೇಲೆ ಹೃದಯದ ಕಾಯಿಲೆಯ ಹೆಂಡತಿಯನ್ನೇ ಏಕೆ ಶಸ್ತ್ರಚಿಕಿತ್ಸೆಗೆ ಮಲಗಿಸಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಲೆಕ್ಕ ಸೊನ್ನೆಗೆ ತೀರ ಹತ್ತಿರ. ಇದು ನನಗೆ ಸರಿಕಾಣದು. ಗಂಡಸರ ಚಿಕಿತ್ಸೆಗೆ ಕತ್ತರಿ-ಹೊಲಿಗೆ ಇಲ್ಲ, ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಹೋಗಬಹುದು, ಪುರುಷತ್ವಕ್ಕೆ ಕುಂದಿಲ್ಲ. ನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಾದ ಮೇಲೆ ನಿಶ್ಚಿಂತೆ.

ಇನ್ನೂ ಚಿಕಿತ್ಸೆಗೆ ಕಾಯುತ್ತಿರುವವರಿಗೆ, ವೇಗದ ಬಡಿತ ಬಂದಾಗ ಗಂಡಹೆಂಡಿರು ಕೂಡಿ ಮಾಡಬಹುದಾದ ಒಂದು ಉಪಾಯವಿದೆ. ವೈದ್ಯರಿಂದ ಮೊದಲು ಕಲಿತಿರಬೇಕು. ರೋಗಿ ಅರೆ ಒರಗಿ ಕುಳಿತು, 15 ಸೆಕೆಂಡು ಉಸಿರು ಬಿಗಿಹಿಡಿದು ಬಲವಾಗಿ ಊದಬೇಕು. ಒಡನೆ ಅವರನ್ನು ಅಂಗಾತ ಮಲಗಿಸಿ, ಜೊತೆಯವರು ಎರಡೂ ಕಾಲುಗಳನ್ನು ಮೇಲೆತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರಿಯ ಊದುವಿಕೆಯಿಂದ ನೂರಕ್ಕೆ 17 ಮಂದಿಗೆ ಬಡಿತ ಇಳಿದರೆ, ಕಾಲೆತ್ತಿದಾಗ 43 ಮಂದಿಗೆ ಇಳಿಯಿತು. ಹೆಂಡತಿಯ ಕಾಲು ಹಿಡಿಯುವುದೇ ಎಂದು ಯಾರಾದರೂ ನಕ್ಕರೆ ನಗಲಿ. ಎದೆನೋವು, ಏದುಸಿರು, ಎಚ್ಚರತಪ್ಪುವಿಕೆ ಜೊತೆಗಿದ್ದರೆ ಈ ಉಪಾಯದಲ್ಲಿ ಹೊತ್ತು ಕಳೆಯದೆ 108ನ್ನು ಕರೆಯಿರಿ.

ಖರ್ಚಿನ ಮಾತು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ, ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ಇಸಿಜಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿರಿ. ಚಿಕಿತ್ಸೆಯಾಗಿ ಬಂದ ಮೇಲೆ ಬಿಡುಗಡೆಯ ಚೀಟಿಯನ್ನು ನಮ್ಮ ಕೇಂದ್ರಕ್ಕೂ ತಂದು ತೋರಿಸಿರಿ.

ಈಗ ಆಶಾ ಕಾರ್ಯಕರ್ತೆಯರು ನಾಡಿ ಎಣಿಸುವುದನ್ನು ತೋರಿಸಿಕೊಡುತ್ತಾರೆ. ದಂಪತಿಗಳು ಒಬ್ಬರ ಕೈಯನ್ನು ಒಬ್ಬರು ಹಿಡಿದುಕೊಳ್ಳಿರಿ. ಗಡಿಯಾರವಿಲ್ಲದವರು ನನ್ನ ಕಡೆ ನೋಡಿರಿ, ಒಂದು ನಿಮಿಷವಾದೊಡನೆ ನಾನು ಹೇಳುತ್ತೇನೆ.