ಕನ್ನಡಿ, ಮೊಬೈಲು ಮತ್ತು ನಮ್ಮ ಹೆಣ್ಣುಮಕ್ಕಳ ಊಟ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ನಾನು ಮಾತಾಡುವುದು ಊಟದ ಬಗ್ಗೆ.

ನಮ್ಮ ಅಕ್ಕನ ಮಗಳು ಒಂಬತ್ತನೇ ತರಗತಿಯಲ್ಲಿ ಮೊದಲು ಮುದ್ದೆ ಬಿಟ್ಟಳು, ಆಮೇಲೆ ಅನ್ನ. ಕೇಳಿದರೆ "ಹಸಿವಿಲ್ಲ", "ಇವತ್ತು ಒಪ್ಪೊತ್ತು" ಅನ್ನುತ್ತಿದ್ದಳು. ಮನೆಯಲ್ಲಿ ದೃಷ್ಟಿ ತೆಗೆದರು. ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದ ದಿನ ಅವಳ ಟೀಚರ್ ಪಕ್ಕದಲ್ಲಿ ಕೂತು ವಿಚಾರಿಸಿದರು. ಮದುವೆಮನೆಯಲ್ಲಿ ಯಾರೋ "ಏನೇ, ಡ್ರಮ್ ಆಗಿದ್ದೀಯ" ಅಂದಿದ್ದರಂತೆ. ಅಂದವರು ಮರೆತಿದ್ದರು, ಅವಳು ಮರೆತಿರಲಿಲ್ಲ.

ಇದು ಹಟವಲ್ಲ, ಕಾಯಿಲೆ. ಊಟ ಬಿಡುವ ಅನೊರೆಕ್ಸಿಯಾ, ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಪಟ್ಟಣದವರಿಗೆ ಮಾತ್ರ ಬರುವುದಿಲ್ಲ. ಮೈತುಂಬಿದ ದೇಹವೇ ಚೆಂದವೆನ್ನುತ್ತಿದ್ದ ಫಿಜಿ ದ್ವೀಪದ ಒಂದು ಪ್ರಾಂತಕ್ಕೆ 1995ರಲ್ಲಿ ಟಿ.ವಿ. ಬಂತು. ಸಂಶೋಧಕಿ ಆನ್ ಬೆಕರ್ ಆಗ ಮಾತಾಡಿಸಿದ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರ ಹೊತ್ತಿಗೆ ನೂರಕ್ಕೆ 11 ಮಂದಿ ಇದ್ದರು.

ಈಗ ಟಿ.ವಿ. ಅಂಗೈಯಲ್ಲೇ ಇದೆ. ಮೊಬೈಲ್ ಫಿಲ್ಟರ್ ಮುಖದ ಮೇಲೆ ಚುಕ್ಕಿಗಳನ್ನು ಗುರುತಿಸಿ ಗಲ್ಲ ಕಿರಿದು ಮಾಡುತ್ತದೆ, ಬಣ್ಣ ತಿಳಿ ಮಾಡುತ್ತದೆ. ಅದು ಲೆಕ್ಕ, ಮುಖವಲ್ಲ. ತೆಳ್ಳಗಾಗುವ ವಿಡಿಯೋ ಒಂದನ್ನು ನಿಂತು ನೋಡಿದರೆ ಅಂಥವೇ ಇನ್ನಷ್ಟು ಬರುತ್ತವೆ. ಹಾಗೆ ಬರುವಂತೆ ಬರೆಯುವುದೇ ನಮ್ಮ ಕಸುಬಿನವರು.

ಹರೆಯದಲ್ಲಿ ಹೆಣ್ಣುಮಕ್ಕಳ ಮೈ ತುಂಬುವುದು ಬೆಳವಣಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಇಂಥವರು ಊಟವನ್ನೂ ಬಿಟ್ಟರೆ ಗತಿಯೇನು?

ತಾಯಂದಿರೇ, ಮಗಳು ಒಬ್ಬಳೇ ಉಣ್ಣತೊಡಗಿದರೆ, ಉಂಡೊಡನೆ ಬಚ್ಚಲಿಗೆ ಹೋದರೆ, ಮುಟ್ಟು ನಿಂತರೆ ಗದರಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ಟೆಲಿ-ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗುರುಗಳೇ, ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿಯದವರ ಮೇಲೆ ಕಣ್ಣಿರಲಿ. ಹುಡುಗರೇ, ಡುಮ್ಮಿ, ಕಡ್ಡಿ, ಕರಿಯಮ್ಮ ಎಂಬ ಅಡ್ಡಹೆಸರುಗಳು ಇಂದಿಗೇ ನಿಲ್ಲಲಿ.

ಅಕ್ಕನ ಮಗಳು ಇನ್ನೂ ಚಿಕಿತ್ಸೆಯಲ್ಲಿದ್ದಾಳೆ. ಈಗ ಎಲ್ಲರ ಜೊತೆ ಕೂತು ಅರ್ಧ ಮುದ್ದೆ ಉಣ್ಣುತ್ತಾಳೆ. ಎಷ್ಟು ಉಂಡೆ ಎಂದು ನಾವ್ಯಾರೂ ಕೇಳುವುದಿಲ್ಲ.