ಬಟ್ಲರನ ಪಾತ್ರ



ನಾಟಕದ ಮಾತು ಬಂದಿದೆ. ನಾವು ಹೋಟೆಲಿನವರು, ಬಟ್ಲರನಿಂದಲೇ ಶುರು ಮಾಡೋಣ. ಆಸ್ಕರ್ ವೈಲ್ಡನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್' 1895ರಲ್ಲಿ ಲಂಡನ್ನಿನ ರಂಗಕ್ಕೆ ಬಂತು. ಪರದೆ ಎದ್ದಾಗ ಬಟ್ಲರ್ ಲೇನ್ ಚಹದ ಮೇಜು ಜೋಡಿಸುತ್ತಿರುತ್ತಾನೆ. ಅತ್ತೆಗೆಂದು ಮಾಡಿಸಿದ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನೆಲ್ಲ ಧಣಿಯೇ ತಿಂದು ಮುಗಿಸುತ್ತಾನೆ. ಅತ್ತೆ ಬಂದಾಗ, ಪೇಟೆಯಲ್ಲಿ ಸೌತೆಕಾಯಿಯೇ ಸಿಗಲಿಲ್ಲವೆಂದು ಸುಳ್ಳು ಹೇಳುವವನು ಲೇನ್. ತಿಂದವನು ಧಣಿ, ಸುಳ್ಳು ಆಳಿನ ಪಾಲಿಗೆ! ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ನಗೆನಾಟಕದ ಮಾದರಿ ಇದಕ್ಕೂ ಮೊದಲೇ ಕಾಲೇಜು ಓದಿನ ಜೊತೆ ತಿರುವನಂತಪುರಕ್ಕೆ ಬಂದಿತ್ತು. ಅಲ್ಲಿ ಬಿ.ಎ. ಮಾಡಿದ ಸಿ.ವಿ. ರಾಮನ್ ಪಿಳ್ಳೆಯವರು 1884ರಲ್ಲಿ 'ಚಂದ್ರಮುಖೀವಿಲಾಸಂ' ಬರೆದರು, 1909ರಲ್ಲಿ 'ಕುರುಪ್ಪಿಲ್ಲಾಕ್ಕಳರಿ'. ಇಂಗ್ಲಿಷ್ ಕಲಿತು ಬೀಗುವ ತಮ್ಮವರನ್ನೇ ನಗೆಗೆ ಹಿಡಿದರು. ತಾವೂ ಸರಕಾರಿ ನೌಕರರೇ; ಧೈರ್ಯ ಬೇಕು ಅದಕ್ಕೆ. 1921ರ ಪ್ರಹಸನಕ್ಕೆ 'ಬಟ್ಲರ್ ಪಪ್ಪನ್' ಎಂದೇ ಹೆಸರಿಟ್ಟರು. ಲಂಡನ್ನಿನ ಲೇನನಿಗೆ ಆ ಭಾಗ್ಯವಿರಲಿಲ್ಲ.

ಆದರೆ ಯೂರೋಪಿನ ಕಥೆ ಬಿ.ಎ.ಗಳ ಕೈಯಿಂದಲೇ ಬಂತೆಂದು ತಿಳಿಯಬೇಡಿ. ಕೊಚ್ಚಿ ಕರಾವಳಿಯ ಕ್ರೈಸ್ತರು ಷಾರ್ಲಮೇನ್ ದೊರೆಯ ಕಥೆಯನ್ನು 'ಕಾರಲ್‌ಮಾನ್ ಚರಿತಂ' ಎಂದು ಮಾಡಿಕೊಂಡು, ಹಲಗೆ ಅದುರುವಂತೆ ಹೆಜ್ಜೆ ತುಳಿದು ಚವಿಟ್ಟುನಾಟಕ ಆಡುತ್ತಾರೆ. ಅದು ಪೋರ್ಚುಗೀಸರ ಕಾಲದಲ್ಲಿ ಬೆಳೆದ ಆಟ. ಯಕ್ಷಗಾನ ಕಂಡ ನಮ್ಮವರಿಗೆ ಆ ಹೆಜ್ಜೆ ತೀರ ಪರಕೀಯವೆನಿಸದು.

ನಮ್ಮ ನಾಟಕಗಳಲ್ಲೋ, ಮಾಣಿ ಟ್ರೇ ಹಿಡಿದು ಬರುತ್ತಾನೆ, ಎಡವಿ ನಗಿಸಿ ಹೋಗುತ್ತಾನೆ. ಅದೆಲ್ಲ ಗಲ್ಲಾದ ಕಡೆಯಿಂದ ನೋಡಿ ಬರೆದದ್ದು. ಈ ಸಲ ಮಾಣಿಗಳೇ ಬರೆಯಲಿ. ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಕೂಡೋಣ. ಗಿರಣಿಯ ಗೆಳೆಯರೂ ಬನ್ನಿ. ಕಾಗದ ಪೆನ್ಸಿಲು ಸಂಘದ್ದು.