ಗಣಿತ ಶಿಕ್ಷಕರ ವಾರ್ಷಿಕ ಗುರಿಯಲ್ಲಿ ತಂತ್ರಜ್ಞಾನದ ಸ್ಥಾನ



ಬೆಳ್ಳೂರು ಹೋಬಳಿಯ ರೈತರ ಮನೆಯ ಮಗುವಿಗೆ ಹತ್ತು ಗುಂಟೆ ಎಂದರೆ ಕಾಲು ಎಕರೆ ಎಂಬುದು ತಿಳಿದಿರುತ್ತದೆ. ಅದೇ ಮಗು ಕಪ್ಪುಹಲಗೆಯ ಮೇಲಿನ 10/40ನ್ನು 1/4 ಎಂದು ಬರೆಯಲು ತಡವರಿಸುತ್ತದೆ. ಗಣಿತ ಶಿಕ್ಷಕರ ಗುರಿ ಹುಟ್ಟಬೇಕಾದುದು ಈ ಅಂತರದಲ್ಲಿ. ‘ಸ್ಮಾರ್ಟ್ ತರಗತಿ ಬಳಸುವುದು’ ಎಂದಷ್ಟೇ ಬರೆದರೆ ಅದು ದಾಸ್ತಾನು ವಹಿಯ ನಮೂದಾದೀತು. ‘ದಸರಾ ರಜೆಗೆ ಮುನ್ನ 5ನೇ ತರಗತಿಯ ಪ್ರತಿ ಮಗುವೂ ಸಮಾನ ಭಿನ್ನರಾಶಿಯನ್ನು ಜೋಡಿಸಿ ತೋರಿಸುವುದು’ ಎಂಬುದು ಗುರಿ.

ಶಿಕ್ಷಣ ಇಲಾಖೆಯು ಅಕ್ಷರ ಫೌಂಡೇಶನ್ ಸಹಯೋಗದಲ್ಲಿ ಕೈಗೊಂಡ ಗಣಿತ ಕಲಿಕಾ ಆಂದೋಲನದ ಮೂಲಕ ಸರ್ಕಾರಿ ಶಾಲೆಗಳಿಗೆ ಗಣಿತ ಕಿಟ್ ಬಂದಿದೆ. ಅದಕ್ಕೆ ವಿದ್ಯುತ್ ಬೇಡ, ನೆಟ್‌ವರ್ಕ್ ಬೇಡ. ಬೀರುವಿನ ಬೀಗ ತೆರೆದರೆ ಸಾಕು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೊರೆಯುತ್ತವೆ. ಮೊದಲು ಕೈಗೆ ಕಿಟ್, ಅನಂತರ ಕಣ್ಣಿಗೆ ಪರದೆ ಎಂಬ ಕ್ರಮ ಸೂಕ್ತ. ವಿಡಿಯೊ ನಡೆಯುವಾಗಿನ ನಿಶ್ಶಬ್ದವನ್ನು ಆಸಕ್ತಿಯೆಂದು ಭ್ರಮಿಸಬಾರದು. ಹಿಂದಿನ ಸಾಲಿನ ಮಗು ಎದ್ದು ಬಂದು ಕಾರಣ ಹೇಳಿತೇ ಎಂಬುದೇ ಅಳತೆ.

ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ಮುಗಿದ ಮೇಲೆ ಬಹುಮಾನದ ಫೋಟೊ ಎಲ್ಲರಿಗೂ ತಲುಪುತ್ತದೆ. ಹೆಚ್ಚು ಮಕ್ಕಳು ತಪ್ಪಿದ ಪ್ರಶ್ನೆಗಳ ಪಟ್ಟಿಯೂ ವಾರದೊಳಗೆ ಶಿಕ್ಷಕರ ಕೈ ಸೇರಲಿ. ಸಂಪರ್ಕ ದುರ್ಬಲವಿರುವ ಶಾಲೆಗಳ ಶಿಕ್ಷಕರಿಗೆ, ಪಾಠಗಳನ್ನು ಮುಂಚಿತವಾಗಿ ಇಳಿಸಿಕೊಳ್ಳಲು ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರ್ ಬಿಟ್ಟುಕೊಡಬೇಕೆಂದು ಎಲ್ಲ ಪಂಚಾಯಿತಿಗಳನ್ನು ಕೋರಲಾಗಿದೆ.